ಅನುಭವಿ ಬೇಸ್‌ಬಾಲ್ ಬ್ಯಾಟರ್‌ಗಳ ಲಯ ಏಕೆ ತಪ್ಪುತ್ತದೆ?

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ, ಹಾಸನ

ಎಲ್ಲರಿಗೂ ನಮಸ್ಕಾರ. ಮಗಳು ಅಮೆರಿಕದ ಬಾಲ್ಟಿಮೋರ್ ಬಳಿ ನೆಲೆಸಿದ ಮೇಲೆ ನನಗೂ ಬೇಸ್‌ಬಾಲ್ ನೋಡುವ ಅಭ್ಯಾಸ ಹತ್ತಿದೆ. ಅಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ನಮಗೆ ಹಾಸನದಲ್ಲಿ ಬೆಳಗಿನ ಜಾವ ನಾಲ್ಕೂವರೆಗೆ ಸಿಗುತ್ತದೆ. ವಾಕಿಂಗ್‌ಗೆ ಹೊರಡುವ ಮೊದಲು ಮೂರು ನಾಲ್ಕು ಇನಿಂಗ್ಸ್ ನೋಡುವುದು ರೂಢಿಯಾಗಿದೆ. ಕ್ರಿಕೆಟ್ ನೋಡಿಕೊಂಡೇ ಬೆಳೆದವನಾದ್ದರಿಂದ ನಿಯಮಗಳು ಬೇಗ ತಲೆಗೆ ಹತ್ತಿದವು. ಒಂದು ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ.

ಬಾಲ್ಟಿಮೋರ್ ಓರಿಯೋಲ್ಸ್ ತಂಡದ ಕ್ರಿಸ್ ಡೇವಿಸ್ 2013ರಲ್ಲಿ 53 ಹೋಮ್ ರನ್ (ಕ್ರಿಕೆಟ್‌ನ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಕಳುಹಿಸುವ ಹೊಡೆತ) ಹೊಡೆದವರು. 2016ರ ಜನವರಿಯಲ್ಲಿ ತಂಡ ಅವರೊಂದಿಗೆ 7 ವರ್ಷಕ್ಕೆ 16.1 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ಅದೇ ಆಟಗಾರ 2018ರಲ್ಲಿ 0.168 ಸರಾಸರಿಗೆ, ಅಂದರೆ ಸಾವಿರ ಸರದಿಗಳಿಗೆ 168 ಹಿಟ್‌ಗಳ (ಔಟಾಗದೆ ಬೇಸ್ ಎಂಬ ಓಟದ ಗುರುತನ್ನು ತಲುಪಿಸುವ ಹೊಡೆತಗಳ) ಮಟ್ಟಕ್ಕೆ ಇಳಿದರು. ಆ ವರ್ಷದ ಸೆಪ್ಟೆಂಬರ್‌ನಿಂದ ಮರುವರ್ಷದ ಏಪ್ರಿಲ್ 13ರವರೆಗೆ ಸತತ 54 ಸರದಿಗಳಲ್ಲಿ ಅವರ ಬ್ಯಾಟಿನಿಂದ ಒಂದೇ ಒಂದು ಹಿಟ್ ಬರಲಿಲ್ಲ. ಚೆಂಡೆಸೆಯುವ ಪಿಚರ್‌ಗಳನ್ನು ಬಿಟ್ಟರೆ ಅಲ್ಲಿನ ಅಗ್ರ ಮಟ್ಟದ ಮೇಜರ್ ಲೀಗ್‌ನಲ್ಲಿ ಇಷ್ಟು ದೀರ್ಘವಾದ ಬರವನ್ನು ಅದುವರೆಗೆ ಯಾರೂ ಕಂಡಿರಲಿಲ್ಲ.

ಇದಕ್ಕೆ ಎದುರಾಗಿ ಬೋಸ್ಟನ್ ರೆಡ್ ಸಾಕ್ಸ್ ತಂಡದ ಡೇವಿಡ್ ಒರ್ಟಿಜ್ ಅವರನ್ನು ನೋಡಿ. 2009ರ ಋತು ಏಪ್ರಿಲ್‌ನಲ್ಲಿ ಆರಂಭವಾದರೂ ಮೇ 20ರವರೆಗೆ ಅವರು ಒಂದೂ ಹೋಮ್ ರನ್ ಹೊಡೆಯಲಿಲ್ಲ. ಆದರೂ ಆ ವರ್ಷವನ್ನು 28 ಹೋಮ್ ರನ್‌ಗಳೊಂದಿಗೆ ಮುಗಿಸಿದರು. 2016ರಲ್ಲಿ, ನಲವತ್ತರ ವಯಸ್ಸಿನಲ್ಲಿ, 38 ಹೋಮ್ ರನ್ ಹೊಡೆದು ನಿವೃತ್ತರಾದರು.

ಲಯ ತಪ್ಪಿದಾಗ ಇಬ್ಬರಿಗೂ 32-33 ವರ್ಷ. ಹೊರಗಿನಿಂದ ನೋಡುವವರಿಗೆ ಇಬ್ಬರ ಲಕ್ಷಣವೂ ಒಂದೇ. ಒಬ್ಬರು ಮರಳಿ ಬಂದರು, ಇನ್ನೊಬ್ಬರು ಬರಲಿಲ್ಲ. ಹೊಸ ಆಟಗಾರ ಎಡವಿದರೆ ಅನುಭವ ಸಾಲದು ಎನ್ನಬಹುದು. ಸಾವಿರಾರು ಎಸೆತಗಳನ್ನು ಎದುರಿಸಿ ಪಳಗಿದವನಿಗೆ ಏಕೆ ಹೀಗಾಗುತ್ತದೆ? ಇದು ವಯಸ್ಸಿನ ಫಲವೇ, ಮನಸ್ಸಿನದೇ, ಎದುರಾಳಿ ಪಿಚರ್‌ಗಳ ಜಾಣ್ಮೆಯೇ, ಅಥವಾ ಬರಿಯ ದುರದೃಷ್ಟವೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಗಣಿತ ಉಪನ್ಯಾಸಕ, ಹಾಸನ

ಸರ್, ನೀವು ಕೊನೆಯಲ್ಲಿ ಹೇಳಿದ ದುರದೃಷ್ಟದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಜನ ಅದನ್ನು ತೀರಾ ಹಗುರವಾಗಿ ತಳ್ಳಿಹಾಕುತ್ತಾರೆ.

ಬೇಸ್‌ಬಾಲ್‌ನಲ್ಲಿ 0.300 ಸರಾಸರಿ ಇದ್ದವನನ್ನು ಶ್ರೇಷ್ಠ ಎನ್ನುತ್ತಾರೆ. ಅಂದರೆ ಅವನು ಹತ್ತು ಸರದಿಗಳಲ್ಲಿ ಏಳರಲ್ಲಿ ಹಿಟ್ ಇಲ್ಲದೆ ಮರಳುತ್ತಾನೆ. 1941ರಲ್ಲಿ ಟೆಡ್ ವಿಲಿಯಮ್ಸ್ 0.406 ಸರಾಸರಿ ಗಳಿಸಿದ ಬಳಿಕ ಇಂದಿನ ಮೇಜರ್ ಲೀಗ್‌ನ ಭಾಗಗಳಾದ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳ ಪೂರ್ಣ ಋತುವಿನಲ್ಲಿ 0.400 ದಾಟಿದವರೇ ಇಲ್ಲ. ಸೋಲೇ ಹೆಚ್ಚಾಗಿರುವ ಆಟದಲ್ಲಿ ಸೋಲುಗಳು ಆಗಾಗ ಒಂದರ ಹಿಂದೆ ಒಂದು ಬಂದು ಸೇರುವುದು ಸಹಜ. 0.300 ಸರಾಸರಿಯವನು ಒಂದು ಪಂದ್ಯದ ನಾಲ್ಕು ಸರದಿಗಳಲ್ಲೂ ವಿಫಲನಾಗುವ ಸಂಭವ 0.7ರ ನಾಲ್ಕನೇ ಘಾತ, ಅಂದರೆ ಶೇ 24. ಅಷ್ಟು ಒಳ್ಳೆಯ ಬ್ಯಾಟರ್ ಕೂಡ ಸರಿಸುಮಾರು ನಾಲ್ಕು ಪಂದ್ಯಗಳಲ್ಲಿ ಒಂದರಲ್ಲಿ ಬರಿಗೈಯಲ್ಲಿ ಹಿಂತಿರುಗುತ್ತಾನೆ. 0.250 ಸರಾಸರಿಯ ಸಾಧಾರಣ ಬ್ಯಾಟರ್‌ನನ್ನು ತೆಗೆದುಕೊಂಡು, ಒಂದು ಋತುವಿನಲ್ಲಿ ಅವನಿಗೆ 600 ಸರದಿಗಳಿವೆ ಎಂದಿಟ್ಟುಕೊಳ್ಳೋಣ. ಎಲ್ಲೋ ಒಂದು ಕಡೆ ಸತತ 20 ಸರದಿಗಳ ಬರ ಅವನಿಗೆ ಎದುರಾಗುವ ಸಂಭವ ಮೂರರಲ್ಲಿ ಒಂದಕ್ಕಿಂತ ಹೆಚ್ಚು. ಅವನ ಕೈ, ಕಣ್ಣು, ಮನಸ್ಸು ಯಾವುದೂ ಕೆಟ್ಟಿರಬೇಕಾಗಿಲ್ಲ. ಆದರೆ ಆ 20 ಸರದಿ ಎಂದರೆ ಐದು ಪಂದ್ಯ. ಅಷ್ಟರಲ್ಲಿ ವರದಿಗಾರರು ಪ್ರಶ್ನೆ ಕೇಳಲು ಆರಂಭಿಸಿರುತ್ತಾರೆ.

ಇನ್ನೊಂದು ಅಂಶವೂ ಇದೆ. ಹೋಮ್ ರನ್ ಮತ್ತು ಸ್ಟ್ರೈಕ್ ಔಟ್‌ಗಳನ್ನು (ಮೂರು ಸ್ಟ್ರೈಕ್, ಅಂದರೆ ಬೀಸಿ ತಪ್ಪಿದ ಅಥವಾ ಬಿಟ್ಟ ಸರಿಯಾದ ಎಸೆತಗಳಿಂದ ಔಟಾಗುವುದು) ಬದಿಗಿಟ್ಟು, ಬ್ಯಾಟಿಗೆ ತಾಗಿ ಮೈದಾನದೊಳಗೆ ಬಿದ್ದ ಚೆಂಡುಗಳನ್ನು ಮಾತ್ರ ಎಣಿಸಿದರೆ ಇಡೀ ಲೀಗ್‌ನ ಸರಾಸರಿ 0.300ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಒಬ್ಬನ ಈ ಅಂಕಿ ಕೆಲವು ವಾರ 0.180ಕ್ಕೆ ಇಳಿದಿದ್ದು, ಅವನು ಚೆಂಡನ್ನು ಮೊದಲಿನಷ್ಟೇ ಬಲವಾಗಿ ಹೊಡೆಯುತ್ತಿದ್ದರೆ, ಅವನ ಹೊಡೆತಗಳು ನೇರವಾಗಿ ಫೀಲ್ಡರ್‌ಗಳ ಕೈಗೆ ಹೋಗುತ್ತಿವೆ ಎಂದಷ್ಟೇ ಅರ್ಥ. ಅಂಥವನು ಏನನ್ನೂ ಬದಲಿಸಬಾರದು. ಬದಲಿಸಲು ಹೋಗಿಯೇ ನಿಜವಾದ ತೊಂದರೆಗೆ ಸಿಕ್ಕಿಕೊಳ್ಳುವವರು ಇದ್ದಾರೆ ಎಂಬುದು ನನ್ನ ಬಲವಾದ ನಂಬಿಕೆ.

ಹಾಗೆಂದು ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವಂತಿಲ್ಲ. 2004ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ನ ಡೆರೆಕ್ ಜೀಟರ್ ಸತತ 32 ಸರದಿಗಳಲ್ಲಿ ಹಿಟ್ ಕಾಣಲಿಲ್ಲ. ಅವರಂಥ ಬ್ಯಾಟರ್‌ಗೆ ಇದು ಬರಿಯ ಆಕಸ್ಮಿಕದಿಂದ ಆಗುವುದು ಬಹಳ ಅಪರೂಪ. ಡೇವಿಸ್ ಅವರ ವಿಷಯದಲ್ಲಂತೂ, 2018ರ ಅವರ ಕಳಪೆ ಸರಾಸರಿ 0.168 ಅನ್ನೇ ಆಧಾರವಾಗಿಟ್ಟುಕೊಂಡು ಯಾವುದೋ ಒಂದು ಸರದಿಯಿಂದ ಎಣಿಸಲು ಆರಂಭಿಸಿದರೂ ಸತತ 54 ವೈಫಲ್ಯಗಳ ಸಂಭವ ಸುಮಾರು 20 ಸಾವಿರಕ್ಕೆ ಒಂದು. ಅಲ್ಲಿ ಬೇರೆ ಏನೋ ಕೆಲಸ ಮಾಡಿದೆ. ಅದೇನೆಂದು ಆಟವಾಡಿದವರು ಹೇಳಬೇಕು.

ಉತ್ತರ: ಕ್ರಿಕೆಟ್ ತರಬೇತುದಾರ, ಚಿಕ್ಕಮಗಳೂರು

ಮೇಲಿನ ಲೆಕ್ಕವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಈಗ ನಾನು ಇಲ್ಲಿನ ಜಿಲ್ಲಾ ಆಟದ ಮೈದಾನದಲ್ಲಿ ಮಕ್ಕಳಿಗೆ ಕ್ರಿಕೆಟ್ ಹೇಳಿಕೊಡುತ್ತಿದ್ದರೂ ಕಾಲೇಜು ದಿನಗಳಲ್ಲಿ ಬೇಸ್‌ಬಾಲ್ ಆಡಿದವನು. ಆದ್ದರಿಂದ ಕಾಲದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅನುಭವಿಯ ಕುಸಿತದ ಬಹುಪಾಲು ಕಾರಣ ಅಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಪಿಚರ್ ನಿಲ್ಲುವ ಪಟ್ಟಿಯಿಂದ ಬ್ಯಾಟರ್ ಪಕ್ಕದಲ್ಲಿ ನಿಲ್ಲುವ ಹೋಮ್ ಪ್ಲೇಟ್‌ವರೆಗಿನ ದೂರ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಪಿಚರ್ ಮುಂದಕ್ಕೆ ದಾಪುಗಾಲಿಟ್ಟು ಎಸೆಯುವುದರಿಂದ ಚೆಂಡು ಅವನ ಕೈಬಿಡುವುದು ಸುಮಾರು 55 ಅಡಿ ದೂರದಲ್ಲಿ. ಗಂಟೆಗೆ 95 ಮೈಲಿ, ನಮ್ಮ ಲೆಕ್ಕದಲ್ಲಿ 153 ಕಿ.ಮೀ. ವೇಗದ ಫಾಸ್ಟ್‌ಬಾಲ್ ಅಲ್ಲಿಂದ ಪ್ಲೇಟಿಗೆ ಬರಲು ತೆಗೆದುಕೊಳ್ಳುವುದು 0.4 ಸೆಕೆಂಡ್. ಬ್ಯಾಟನ್ನು ಬೀಸಲಿಕ್ಕೇ ಸುಮಾರು 0.15 ಸೆಕೆಂಡ್ ಬೇಕು. ಉಳಿದ ಕಾಲು ಸೆಕೆಂಡಿನಲ್ಲಿ ಬ್ಯಾಟರ್ ಚೆಂಡನ್ನು ಗುರುತಿಸಬೇಕು, ಅದು ಎಲ್ಲಿ ಬೀಳುತ್ತದೆಂದು ಊಹಿಸಬೇಕು, ಬೀಸುವುದೋ ಬಿಡುವುದೋ ಎಂದು ತೀರ್ಮಾನಿಸಬೇಕು. ಜಾವಗಲ್ ಶ್ರೀನಾಥ್ ಅವರಂಥ ವೇಗಿಯನ್ನು ಎದುರಿಸುವವನ ಕಷ್ಟ ಹಾಸನದವರಾದ ನಿಮಗೆ ಗೊತ್ತೇ ಇದೆ. ಆದರೆ ಅಲ್ಲಿ ಚೆಂಡು ನೆಲಕ್ಕೆ ಬಿದ್ದು ವೇಗ ಕಳೆದುಕೊಂಡು ಬರುತ್ತದೆ, ಬ್ಯಾಟು ನಾಲ್ಕೂಕಾಲು ಅಂಗುಲ ಅಗಲವಾಗಿ ಚಪ್ಪಟೆಯಾಗಿರುತ್ತದೆ, ಬೇಡವೆನಿಸಿದರೆ ತಡೆದು ಆಡುವ ಅವಕಾಶವೂ ಇರುತ್ತದೆ. ಬೇಸ್‌ಬಾಲ್ ಬ್ಯಾಟು ದುಂಡಗೆ. ಅದರ ಅತಿ ದಪ್ಪದ ಜಾಗದ ವ್ಯಾಸವೇ 2.61 ಅಂಗುಲ ಮೀರುವಂತಿಲ್ಲ. ಬೀಸಿದ್ದು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಮುಂಚೆಯಾದರೂ ತಡವಾದರೂ ಚೆಂಡು ಮೈದಾನದ ಬದಿಗೆರೆಯಾದ ಫೌಲ್ ಗೆರೆಯ ಆಚೆಗೆ ಹೋಗಿ ವ್ಯರ್ಥವಾಗಬಹುದು.

ಈಗ ಮೂವತ್ತು ದಾಟಿದ ಬ್ಯಾಟರ್ ವಿಷಯಕ್ಕೆ ಬರೋಣ. ಬ್ಯಾಟ್ ಬೀಸುವ ಅವನ ವೇಗ ಒಂದಿಷ್ಟು ಕಡಿಮೆಯಾಗಿದೆ, ನೂರನೇ ಒಂದು ಸೆಕೆಂಡಿನಷ್ಟು ಎಂದಿಟ್ಟುಕೊಳ್ಳಿ. ಕನ್ನಡಿಯಲ್ಲಿ ಕಾಣುವಂಥದ್ದಲ್ಲ, ಅವನಿಗೇ ತಿಳಿಯುವಂಥದ್ದೂ ಅಲ್ಲ. ಅನುಭವಿಯಾದ ಕಾರಣ ಅವನ ದೇಹ ತಾನೇ ದಾರಿ ಹುಡುಕಿಕೊಳ್ಳುತ್ತದೆ, ಅಷ್ಟು ಮೊದಲೇ ಬೀಸಲು ಶುರುಮಾಡುತ್ತದೆ. ಆ ನೂರನೇ ಒಂದು ಸೆಕೆಂಡಿನಲ್ಲಿ ಫಾಸ್ಟ್‌ಬಾಲ್ ಸುಮಾರು ಒಂದೂವರೆ ಅಡಿ ಸಾಗುತ್ತದೆ. ಎಂದರೆ ಮೊದಲಿಗಿಂತ ಒಂದೂವರೆ ಅಡಿ ಆಚೆ ಇರುವಾಗಲೇ ಚೆಂಡಿನ ಬಗ್ಗೆ ಅವನು ತೀರ್ಮಾನಕ್ಕೆ ಬರಬೇಕಾಗಿದೆ. ಪಕ್ಕಕ್ಕೆ ಸರಿಯುವ ಸ್ಲೈಡರ್ ಎಸೆತ ತಿರುಗುವುದು, ಫಾಸ್ಟ್‌ಬಾಲ್‌ನಂತೆ ಕಂಡು ನಿಧಾನವಾಗಿ ಬರುವ ಚೇಂಜ್‌ಅಪ್ ಇಳಿಯುವುದು ಕೊನೆಯಲ್ಲಿ ತಾನೇ? ಹಿಂದೆ ಕಣ್ಣಿಗೆ ಬೀಳುತ್ತಿದ್ದ ಆ ಕೊನೆಯ ಸುಳಿವು ಈಗ ತೀರ್ಮಾನವಾದ ಮೇಲೆ ಸಿಗುತ್ತದೆ.

ಒಂದು ಸರದಿಯನ್ನು ನಿಧಾನಗತಿಯಲ್ಲಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಎಡಗೈ ಅನುಭವಿ ಬ್ಯಾಟರ್, ಎದುರಿಗೆ ಬಲಗೈ ಪಿಚರ್. ಮೊದಲ ಎಸೆತ ಎದೆಮಟ್ಟದ, ಒಳಬದಿಯ ಫಾಸ್ಟ್‌ಬಾಲ್. ಬ್ಯಾಟು ತಡವಾಗಿ ಬಂದು, ಚೆಂಡು, ಪಿಚರ್ ಕಡೆ ನೋಡಿದರೆ ಎಡಕ್ಕಿರುವ ಮೂರನೇ ಬೇಸ್‌ನ ಕಡೆಯ ಪ್ರೇಕ್ಷಕರೊಳಗೆ ಫೌಲ್ ಆಗಿ ಬೀಳುತ್ತದೆ. ಬ್ಯಾಟರ್ ಪೆಟ್ಟಿಗೆಯಿಂದ ಹೊರಗೆ ಕಾಲಿಟ್ಟು, ಕೈಗವಸನ್ನು ಬಿಗಿಮಾಡಿಕೊಂಡು ಮತ್ತೆ ನಿಲ್ಲುತ್ತಾನೆ. ಎರಡನೇ ಎಸೆತಕ್ಕೆ ಅವನ ಮುಂಗಾಲು ಮೊದಲಿಗಿಂತ ಬೇಗ ನೆಲ ಮುಟ್ಟುತ್ತದೆ, ಮುಂದಿನ ಸೊಂಟ ಆಗಲೇ ತೆರೆದುಕೊಂಡಿರುತ್ತದೆ. ಬಂದದ್ದು ಹತ್ತು ಮೈಲಿ ನಿಧಾನವಾದ ಚೇಂಜ್‌ಅಪ್, ಮೊಣಕಾಲಿನ ಮಟ್ಟದಲ್ಲಿ, ಹೊರಬದಿಗೆ. ದೇಹದ ಭಾರವೆಲ್ಲ ಮುಂದಕ್ಕೆ ಹೋಗಿಬಿಟ್ಟಿದೆ, ಹಿಂದೆ ಉಳಿದಿರುವುದು ಕೈ ಮಾತ್ರ. ಬರಿಯ ಕೈಯಿಂದ ಎಟುಕಿಸಿಕೊಂಡ ಬ್ಯಾಟು ಚೆಂಡಿನ ಮೇಲ್ಭಾಗಕ್ಕೆ ತಾಗಿ, ಚೆಂಡು ಉರುಳುತ್ತ ಎರಡನೇ ಬೇಸ್‌ನ ಫೀಲ್ಡರ್ ಕೈಗೆ ಹೋಗುತ್ತದೆ. ಟಿವಿಯಲ್ಲಿ ನೋಡುವವರಿಗೆ ಕಾಣುವುದು ಒಂದು ಸುಲಭದ ಔಟ್. ಅದನ್ನು ಕಟ್ಟಿದ್ದು ಮೊದಲನೆಯ ಎಸೆತ.

ಪಿಚರ್‌ಗಳ ಪಾತ್ರ ಇಲ್ಲಿ ದೊಡ್ಡದು. ಹೊಸಬನ ದೌರ್ಬಲ್ಯ ಹುಡುಕಲು ಅವರಿಗೆ ಕೆಲವು ತಿಂಗಳಾದರೂ ಬೇಕು. ಹತ್ತು ವರ್ಷ ಆಡಿದವನ ಒಂದೊಂದು ಬೀಸುವಿಕೆಯೂ ದಾಖಲೆಯಲ್ಲಿದೆ. 2015ರಿಂದ ಮೇಜರ್ ಲೀಗ್‌ನ ಎಲ್ಲ ಕ್ರೀಡಾಂಗಣಗಳಲ್ಲೂ ಸ್ಟ್ಯಾಟ್‌ಕಾಸ್ಟ್ ವ್ಯವಸ್ಥೆ ಇದ್ದು, ಚೆಂಡು ಬ್ಯಾಟಿನಿಂದ ಯಾವ ವೇಗದಲ್ಲಿ, ಯಾವ ಕೋನದಲ್ಲಿ ಹೊರಟಿತು ಎಂಬುದನ್ನೆಲ್ಲ ಅಳೆಯುತ್ತದೆ. ಒಂದು ತಂಡ ಕಂಡುಕೊಂಡ ದೌರ್ಬಲ್ಯ ಮುಂದಿನ ತಂಡಕ್ಕೂ ಅಂಕಿ-ಅಂಶಗಳಲ್ಲಿ ಕಾಣುತ್ತದೆ. ಚೆಂಡನ್ನು ಸದಾ ಒಂದೇ ಬದಿಗೆ ಎಳೆದು ಹೊಡೆಯುವ ಎಡಗೈ ಬ್ಯಾಟರ್‌ಗಳಿಗೆ ಮತ್ತೊಂದು ಸಂಕಷ್ಟವೂ ಇತ್ತು; ಎದುರಾಳಿಗಳು ಬೇಸ್‌ಗಳ ಸುತ್ತ ನಿಲ್ಲುವ ಇನ್‌ಫೀಲ್ಡರ್‌ಗಳಲ್ಲಿ ಮೂವರನ್ನು ಅದೇ ಬದಿಗೆ ತಂದು ನಿಲ್ಲಿಸುತ್ತಿದ್ದರು. ಡೇವಿಸ್ ಇದರಿಂದ ಬಹಳ ಕಳೆದುಕೊಂಡವರಲ್ಲಿ ಒಬ್ಬರು. 2023ರಲ್ಲಿ ನಿಯಮ ಬದಲಾಯಿತು, ಈಗ ಎರಡನೇ ಬೇಸ್‌ನ ಎರಡೂ ಬದಿಗೆ ಇಬ್ಬಿಬ್ಬರು ಇರಲೇಬೇಕು. ಅವರ ಮಟ್ಟಿಗೆ ಅದು ತಡವಾಗಿ ಬಂದ ನಿಯಮ.

ಗಾಯದ ವಿಷಯವನ್ನು ಯಾರೂ ಮರೆಯಬಾರದು. ಬೀಸುವಿಕೆಯ ಬಲ ಹುಟ್ಟುವುದು ತೋಳಿನಲ್ಲಲ್ಲ, ನೆಲವನ್ನು ಒತ್ತಿದ ಕಾಲಿನಲ್ಲಿ ಮತ್ತು ತಿರುಗುವ ಸೊಂಟದಲ್ಲಿ. ಆರು ತಿಂಗಳಲ್ಲಿ 162 ಪಂದ್ಯ ಆಡುವವರ ದೇಹದಲ್ಲಿ ಎಲ್ಲೋ ಒಂದು ಕಡೆ ನೋವು ಇದ್ದೇ ಇರುತ್ತದೆ. ಹೆಚ್ಚಿನವರು ಅದನ್ನು ಹೇಳಿಕೊಳ್ಳದೆ ಆಡುತ್ತಾರೆ. ಡೇವಿಸ್ 2021ರಲ್ಲಿ ಸೊಂಟದ ಕೀಲಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಅದೇ ಆಗಸ್ಟ್‌ನಲ್ಲಿ ನಿವೃತ್ತಿ ಘೋಷಿಸಿದರು.

ಉತ್ತರ: ಮನಶ್ಶಾಸ್ತ್ರ ಅಧ್ಯಾಪಕಿ, ಚಿಕ್ಕಮಗಳೂರು

ತರಬೇತುದಾರರ ವಿವರಣೆ ಓದಿ ಬಹಳ ಸಂತೋಷವಾಯಿತು. ಕುಸಿತ ಆರಂಭವಾಗುವುದು ದೇಹದಲ್ಲಿ ಅಥವಾ ಅದೃಷ್ಟದಲ್ಲಿ ಇರಬಹುದು. ಅದು ಮುಗಿಯದೆ ಉಳಿದುಕೊಳ್ಳುವುದು ಮಾತ್ರ ಅನೇಕ ಸಲ ಗಮನದ ದಿಕ್ಕಿನಿಂದ ಎಂದು ನಾನು ಸೇರಿಸಬಯಸುತ್ತೇನೆ.

ರಾಬ್ ಗ್ರೇ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನೇ ಕುರಿತದ್ದು. ಕೃತಕವಾಗಿ ತೋರಿಸಿದ ಚೆಂಡಿಗೆ ಬ್ಯಾಟ್ ಬೀಸುವಾಗ ನುರಿತ ಆಟಗಾರರ ಗಮನವನ್ನು ಅವರ ಬ್ಯಾಟಿನ ಚಲನೆಯ ಕಡೆಗೆ ಸೆಳೆದರೆ ಅವರ ಹೊಡೆತ ಕೆಡುತ್ತಿತ್ತು. ಹೊಸಬರಿಗೆ ಹಾಗಾಗುತ್ತಿರಲಿಲ್ಲ. ಲಯ ತಪ್ಪಿದ್ದ ಹೊತ್ತಿನಲ್ಲಿ ನುರಿತವರು ತಮ್ಮ ಬ್ಯಾಟು ಯಾವ ಕಡೆ ಚಲಿಸುತ್ತಿದೆ ಎಂಬುದನ್ನು ಇತರ ಸಮಯಕ್ಕಿಂತ ಚೆನ್ನಾಗಿ ಹೇಳಬಲ್ಲವರಾಗಿದ್ದರು, ಅಂದರೆ ಅವರ ಗಮನ ಚೆಂಡನ್ನು ಬಿಟ್ಟು ತಮ್ಮ ಕೈಯ ಮೇಲೆ ಬಂದು ಕೂತಿತ್ತು. ವರ್ಷಗಟ್ಟಲೆ ಅಭ್ಯಾಸದಿಂದ ತಾನಾಗಿ ನಡೆಯುವಂತಾದ ಕ್ರಿಯೆಯನ್ನು ಮತ್ತೆ ತುಂಡು ತುಂಡಾಗಿ ನಡೆಸಲು ಹೊರಟರೆ ಅದು ನಿಧಾನವಾಗುತ್ತದೆ. ತರಬೇತುದಾರರು ಹೇಳಿದ ನೂರನೇ ಒಂದು ಸೆಕೆಂಡಿನ ಲೆಕ್ಕದಲ್ಲಿ ಆ ನಿಧಾನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂದು ನೀವೇ ಊಹಿಸಿ. ಅನುಭವಿಗೇ ಈ ಅಪಾಯ ಹೆಚ್ಚಿರುವುದು ಇದರಿಂದಾಗಿ. ಅವನಿಗೆ ತನ್ನ ಆಟದ ಬಗ್ಗೆ ಬಹಳ ಗೊತ್ತು. ಹಿಂದಿನ ಒಳ್ಳೆಯ ದಿನಗಳ ವಿಡಿಯೊಗಳು ಕೈಯಲ್ಲಿರುತ್ತವೆ, ಸಲಹೆ ಕೊಡುವವರು ಸುತ್ತ ತುಂಬಿರುತ್ತಾರೆ. ಒಬ್ಬ ಕೈ ಮೇಲೆತ್ತು ಎನ್ನುತ್ತಾನೆ, ಇನ್ನೊಬ್ಬ ಕಾಲು ಅಗಲಿಸು ಎನ್ನುತ್ತಾನೆ.

ಇಲ್ಲಿ ಬ್ರೂಕ್ಲಿನ್ ಡಾಜರ್ಸ್‌ನ ಗಿಲ್ ಹಾಡ್ಜಸ್ ಅವರ ಪ್ರಸಂಗವನ್ನು ನೆನೆಯಬೇಕು. 1952ರಲ್ಲಿ 32 ಹೋಮ್ ರನ್ ಹೊಡೆದು ತಂಡವನ್ನು ಋತುವಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ಗೆ ತಂದವರಲ್ಲಿ ಅವರೂ ಒಬ್ಬರು. ಯಾಂಕೀಸ್ ವಿರುದ್ಧದ ಆ ಸರಣಿಯ ಏಳು ಪಂದ್ಯಗಳ 21 ಸರದಿಗಳಲ್ಲಿ ಅವರಿಗೆ ಒಂದೂ ಹಿಟ್ ಸಿಗಲಿಲ್ಲ. ಮರುವರ್ಷದ ಆರಂಭದಲ್ಲೂ ತೊಂದರೆ ಮುಂದುವರಿದಾಗ ಬ್ರೂಕ್ಲಿನ್‌ನ ಚರ್ಚ್ ಒಂದರ ಪಾದ್ರಿ, ಸೆಖೆ ಹೆಚ್ಚಾಗಿದೆಯೆಂದು ಪ್ರವಚನವನ್ನು ಬಿಟ್ಟು, ಮನೆಗೆ ಹೋಗಿ ಹಾಡ್ಜಸ್‌ಗಾಗಿ ಪ್ರಾರ್ಥಿಸಿರಿ ಎಂದು ಭಕ್ತರನ್ನು ಕಳುಹಿಸಿಕೊಟ್ಟರು. ಆ ಊರಿನ ಜನ ಅವರನ್ನು ಹೀಯಾಳಿಸಲಿಲ್ಲ, ಪತ್ರ ಬರೆದರು, ಹಾರೈಸಿದರು. 1953ರ ಋತುವನ್ನು ಅವರು 0.302 ಸರಾಸರಿಯಲ್ಲಿ ಮುಗಿಸಿ, ಆ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ 0.364 ಹೊಡೆದರು. ಪ್ರಾರ್ಥನೆಯ ಫಲವನ್ನು ಅಳೆಯುವ ವಿದ್ಯೆ ನನ್ನದಲ್ಲ. ಆದರೆ ಪ್ರತಿ ಸರದಿಯಲ್ಲೂ ತನ್ನ ಯೋಗ್ಯತೆಯನ್ನು ಸಾಬೀತುಮಾಡಬೇಕಿಲ್ಲ ಎಂಬ ಭರವಸೆ ಸಿಕ್ಕವನ ತೋಳು ಸಡಿಲವಾಗುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನಮ್ಮವರೇ ಆದ ವಿರಾಟ್ ಕೊಹ್ಲಿ ಅವರೂ 2019ರ ನವೆಂಬರ್ ಬಳಿಕ ಅಂತರರಾಷ್ಟ್ರೀಯ ಶತಕ ಕಂಡದ್ದು 2022ರ ಸೆಪ್ಟೆಂಬರ್ 8ರಂದು. ಅದಕ್ಕೆ ಮುಂಚೆ ಸುಮಾರು ಒಂದು ತಿಂಗಳು ಬ್ಯಾಟನ್ನೇ ಮುಟ್ಟಿರಲಿಲ್ಲವೆಂದು ಅವರೇ ಹೇಳಿಕೊಂಡರು. ಬಿಡುವು ಕೊಡುವುದು ಸೋಲೊಪ್ಪಿಕೊಂಡಂತಲ್ಲ.

ಉತ್ತರ: ನೇತ್ರ ತಪಾಸಕ, ಸಕಲೇಶಪುರ

ಕಣ್ಣಿನ ಬಗ್ಗೆ ಒಂದೆರಡು ಮಾತು. ನಲವತ್ತರ ಸುಮಾರಿಗೆ ಬರುವ ಚಾಳೀಸು ಹತ್ತಿರದ ಓದಿಗೆ ಸಂಬಂಧಿಸಿದ್ದು, ಅದರಿಂದ 55 ಅಡಿ ದೂರದ ಚೆಂಡು ಮಬ್ಬಾಗುವುದಿಲ್ಲ. ಆದರೆ ದೂರದೃಷ್ಟಿಯಲ್ಲಿ ಸಣ್ಣ ವ್ಯತ್ಯಾಸವಾದರೂ ಬ್ಯಾಟರ್‌ಗೆ ಅದು ದೊಡ್ಡದೇ. ಈ ಆಟಗಾರರಲ್ಲಿ ಹೆಚ್ಚಿನವರ ದೃಷ್ಟಿ ನಾವು ಸಾಮಾನ್ಯವೆಂದು ಬರೆದುಕೊಡುವ 6/6ಕ್ಕಿಂತ ಚುರುಕಾಗಿರುತ್ತದೆ. ಆದ್ದರಿಂದ ಅಂಥವರ ದೃಷ್ಟಿ 6/6ಕ್ಕೆ ಇಳಿದರೆ ಚೀಟಿಯಲ್ಲಿ ಎಲ್ಲವೂ ಸರಿಯಿದೆ ಎಂದೇ ಬರುತ್ತದೆ, ಮೈದಾನದಲ್ಲಿ ಮಾತ್ರ ಚೆಂಡಿನ ಕೆಂಪು ಹೊಲಿಗೆ ತಿರುಗುವುದು ಮೊದಲಿನಷ್ಟು ಬೇಗ ಕಾಣದು. ಎಸೆತ ಯಾವುದೆಂದು ಗುರುತಿಸುವ ಮುಖ್ಯ ಸುಳಿವುಗಳಲ್ಲಿ ಆ ಹೊಲಿಗೆಯ ತಿರುಗುವಿಕೆಯೂ ಒಂದು. ಕಣ್ಣು ಒಣಗುವುದು, ದೀಪದ ಬೆಳಕಿನ ರಾತ್ರಿ ಪಂದ್ಯಗಳಲ್ಲಿ ಬಿಳಿ-ಬೂದು ಛಾಯೆಗಳ ಭೇದ ಮಸುಕಾಗುವುದು ಇವೂ ಸೇರಿಕೊಳ್ಳುತ್ತವೆ. ಚೆಂಡು ತೀರಾ ಹತ್ತಿರ ಬಂದಾಗ ಕೊನೆಯ ಕೆಲವು ಅಡಿಗಳಲ್ಲಿ ಅದನ್ನು ಯಾರ ಕಣ್ಣೂ ಹಿಂಬಾಲಿಸಲಾರದು. ಆರಂಭದಲ್ಲಿ ಕಂಡದ್ದರ ಮೇಲೆಯೇ ಎಲ್ಲವೂ ನಿಂತಿದೆ. ಕುಸಿತ ಕಂಡ ಆಟಗಾರನಿಗೆ ಮೊದಲು ಕಣ್ಣಿನ ಪರೀಕ್ಷೆ ಮಾಡಿಸಬೇಕು, ಬೀಸುವ ಶೈಲಿಯನ್ನು ತಿದ್ದುವುದು ಆಮೇಲೆ.

ಉತ್ತರ: ಕಾಫಿ ಬೆಳೆಗಾರ, ಮೂಡಿಗೆರೆ

ನಾನು ಬಹಳ ವರ್ಷಗಳಿಂದ ಈ ಆಟವನ್ನು ಅನುಸರಿಸುತ್ತಿದ್ದೇನೆ. ಇಲ್ಲಿ ಬಂದ ಎಲ್ಲ ಕಾರಣಗಳೂ ಸರಿಯೇ. ಆದರೆ ಪ್ರಶ್ನೆ ಕೇಳಿದ ಹಿರಿಯರ ಮನಸ್ಸಿನಲ್ಲಿರುವುದು, ಒರ್ಟಿಜ್ ಮರಳಿದರು, ಡೇವಿಸ್ ಏಕೆ ಮರಳಲಿಲ್ಲ ಎಂಬುದು. ಅದನ್ನು ನಮ್ಮ ತೋಟದ ಅನುಭವದಿಂದ ಹೀಗೆ ನೋಡುತ್ತೇನೆ. ಅರೇಬಿಕಾ ಗಿಡ ಒಂದು ವರ್ಷ ತುಂಬ ಫಸಲು ಕೊಟ್ಟು ಮರುವರ್ಷ ಕಡಿಮೆ ಕೊಡುವುದುಂಟು. ಬಿಳಿ ಕಾಂಡಕೊರಕ ಹೊಕ್ಕ ಗಿಡವೂ ಕಡಿಮೆ ಕೊಡುತ್ತದೆ. ಕಣದಲ್ಲಿ ಹಣ್ಣು ತೂಗಿದರೆ ಎರಡಕ್ಕೂ ವ್ಯತ್ಯಾಸವೇ ತಿಳಿಯದು. ಬುಡಕ್ಕೆ ಹೋಗಿ ಕಾಂಡ ಸವರಿ ನೋಡಿದವನಿಗೆ ಮಾತ್ರ ತೊಗಟೆ ಏಣುಗಟ್ಟಿರುವುದು ಕೈಗೆ ಸಿಗುತ್ತದೆ. ಸರಾಸರಿ ಎನ್ನುವುದು ಕಣದ ತೂಕ. ಬ್ಯಾಟರ್ ವಿಷಯದಲ್ಲಿ ಸವರಿ ನೋಡಬೇಕಾದದ್ದು ಚೆಂಡನ್ನು ಎಷ್ಟು ಬಲವಾಗಿ ಹೊಡೆಯುತ್ತಿದ್ದಾನೆ, ಸ್ಟ್ರೈಕ್ ಔಟ್ ಎಷ್ಟು, ಯಾವ ಎಸೆತಕ್ಕೆ ಸೋಲುತ್ತಿದ್ದಾನೆ ಎಂಬುದನ್ನು.

ಡೇವಿಸ್ ಅವರ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿ. 2013ರಲ್ಲಿ 0.286. ಮರುವರ್ಷವೇ 0.196. ಆಗಲೂ ಮುಗಿಯಿತು ಎಂದವರಿದ್ದರು. 2015ರಲ್ಲಿ 0.262 ಸರಾಸರಿಯೊಂದಿಗೆ 47 ಹೋಮ್ ರನ್ ಹೊಡೆದರು. ಅಂದರೆ ಅವರೂ ಒಮ್ಮೆ ಮರಳಿದವರೇ. ಆಮೇಲೆ 2016ರಲ್ಲಿ 0.221, 2017ರಲ್ಲಿ 0.215, 2018ರಲ್ಲಿ 0.168, ಹೋಮ್ ರನ್‌ಗಳು 38, 26, 16. 2016ರಲ್ಲೇ 219 ಸ್ಟ್ರೈಕ್ ಔಟ್ ಆಗಿದ್ದವು. ಇದು ಆರು ವಾರದ ಏರಿಳಿತವಲ್ಲ, ಮೂರು ವರ್ಷ ಒಂದೇ ದಿಕ್ಕಿಗೆ ಸಾಗಿದ ಇಳಿಜಾರು. 54 ಸರದಿಗಳ ಬರ ಎಲ್ಲರ ಕಣ್ಣಿಗೆ ಬಿತ್ತು, ಇಳಿಜಾರು ಬಹಳ ಮೊದಲೇ ಶುರುವಾಗಿತ್ತು. ಒರ್ಟಿಜ್ ಅವರಿಗೆ 2008ರಲ್ಲಿ ಮಣಿಕಟ್ಟಿನ ಗಾಯವಾಗಿತ್ತು. ಮರುವರ್ಷದ ವಸಂತದಲ್ಲಿ ಅವರು ಒದ್ದಾಡಿದ್ದಕ್ಕೆ ಅದೂ ಒಂದು ಕಾರಣವಿರಬಹುದು ಎಂದು ನನಗೆ ತೋರುತ್ತದೆ. ಕೈ ಗಟ್ಟಿಯಾದಂತೆ ಹೊಡೆತವೂ ಬಂತು.

ವಯಸ್ಸನ್ನು ಒಪ್ಪಿಕೊಂಡು ಮರಳುವ ದಾರಿಯೂ ಇದೆ. ಬಲಗೈ ಬ್ಯಾಟರ್ ಆಲ್ಬರ್ಟ್ ಪುಹೋಲ್ಸ್ ಅವರನ್ನು 2021ರಲ್ಲಿ, 0.198 ಸರಾಸರಿಯಲ್ಲಿದ್ದಾಗ, ಏಂಜೆಲ್ಸ್ ತಂಡ ಕೈಬಿಟ್ಟಿತು. 2022ರಲ್ಲಿ ಅವರ ಹಳೆಯ ತಂಡ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಕರೆದುಕೊಂಡು, ಹೆಚ್ಚಾಗಿ ಎಡಗೈ ಪಿಚರ್‌ಗಳ ಎದುರು ಆಡಿಸಿತು. 42ರ ವಯಸ್ಸಿನಲ್ಲಿ ಅವರು 24 ಹೋಮ್ ರನ್ ಹೊಡೆದು, ಒಟ್ಟು ಸಂಖ್ಯೆಯನ್ನು 703ಕ್ಕೆ ಒಯ್ದರು. ಬಲಗೈ ಬ್ಯಾಟರ್‌ಗೆ ಎಡಗೈ ಪಿಚರ್‌ನ ಚೆಂಡು ಬೇಗ ಮತ್ತು ಸ್ಪಷ್ಟವಾಗಿ ಕಾಣುತ್ತದೆ. ಕಳೆದುಹೋದ ನೂರನೇ ಒಂದು ಸೆಕೆಂಡನ್ನು ಆ ತಂಡ ಅವರಿಗೆ ಬೇರೆ ದಾರಿಯಿಂದ ಮರಳಿಸಿತು. ಇಂಥ ವಿವೇಕ ಎಲ್ಲ ಹಿರಿಯ ಆಟಗಾರರಿಗೂ ಸಿಗಬೇಕು ಎಂದು ನನ್ನ ಹಂಬಲ.

ಪ್ರಶ್ನೆ ಕೇಳಿದವರು: ನಿವೃತ್ತ ಬ್ಯಾಂಕ್ ನೌಕರ, ಹಾಸನ

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಧನ್ಯವಾದಗಳು. ತರಬೇತುದಾರರಲ್ಲಿ ಇನ್ನೊಂದು ವಿನಂತಿ. ನನ್ನ ಬಳಿ ಸ್ಟ್ಯಾಟ್‌ಕಾಸ್ಟ್ ಅಂಕಿಗಳನ್ನು ಬಿಡಿಸಿ ನೋಡುವಷ್ಟು ಪರಿಣತಿ ಇಲ್ಲ. ಟಿವಿಯ ಮುಂದೆ ಕುಳಿತವನು ಒಬ್ಬ ಬ್ಯಾಟರ್‌ನ ತೊಂದರೆ ತಾತ್ಕಾಲಿಕವೋ ಆಳದ್ದೋ ಎಂದು ಬರಿಗಣ್ಣಿನಿಂದ ಹೇಗೆ ಗುರುತಿಸಬಹುದು?

ಉತ್ತರ: ಕ್ರಿಕೆಟ್ ತರಬೇತುದಾರ, ಚಿಕ್ಕಮಗಳೂರು

ಸರ್, ಫೌಲ್‌ಗಳನ್ನು ಗಮನಿಸಿ. ಹೆಚ್ಚಿನವರು ಫೌಲ್ ಆದ ಕೂಡಲೇ ಕಣ್ಣು ಬೇರೆಡೆ ತಿರುಗಿಸುತ್ತಾರೆ, ಆದರೆ ಬ್ಯಾಟರ್‌ನ ಕಾಲಗಣನೆ ಬಯಲಾಗುವುದು ಅಲ್ಲೇ. ಫಾಸ್ಟ್‌ಬಾಲ್‌ಗೆ ಬೀಸಿದಾಗ ಚೆಂಡು ನೇರವಾಗಿ ಹಿಂದಿನ ಬಲೆಗೆ ಹಾರಿದರೆ ಅವನ ಸಮಯ ಸರಿಯಾಗಿದೆ, ಬ್ಯಾಟು ಕೂದಲೆಳೆಯಷ್ಟು ಕೆಳಗೆ ಹೋಗಿದೆ ಎಂದರ್ಥ. ಅಂಥವನ ಸರಾಸರಿ ಎಷ್ಟೇ ಇಳಿದಿರಲಿ, ಚಿಂತಿಸಬೇಕಿಲ್ಲ. ಎಡಗೈ ಬ್ಯಾಟರ್‌ನ ಫೌಲ್‌ಗಳು ಪದೇ ಪದೇ ಮೂರನೇ ಬೇಸ್‌ನ ಕಡೆಗೆ ಹೋಗುತ್ತಿದ್ದರೆ ಅವನು ತಡವಾಗುತ್ತಿದ್ದಾನೆ. ಅದೇ ಸರದಿಯಲ್ಲಿ ನಿಧಾನದ ಎಸೆತಗಳನ್ನು ಮೊದಲನೇ ಬೇಸ್‌ನ ಕಡೆಗೆ ಫೌಲ್ ಮಾಡುತ್ತಲೂ ಇದ್ದರೆ, ವೇಗಕ್ಕೆ ತಡ, ನಿಧಾನಕ್ಕೆ ಬೇಗ ಎಂಬ ಇಕ್ಕಟ್ಟಿನಲ್ಲಿ ಸಿಲುಕಿದ್ದಾನೆ. ಬಲಗೈಯವನಾದರೆ ದಿಕ್ಕುಗಳನ್ನು ಅದಲು ಬದಲು ಮಾಡಿಕೊಳ್ಳಿ.

ಎರಡನೆಯದಾಗಿ, ಪ್ಲೇಟಿನಿಂದ ಹೊರಗೆ ಹೋಗುವ ಚೆಂಡುಗಳನ್ನು ಬಿಡುತ್ತಿದ್ದಾನೆಯೇ ನೋಡಿ. ಹಿಟ್ ಬರದಿದ್ದರೂ ವಾಕ್ (ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟವನಿಗೆ ಸಿಗುವ ಮೊದಲನೇ ಬೇಸ್) ಪಡೆಯುತ್ತಿರುವವನ ಕಣ್ಣು ಮತ್ತು ತಾಳ್ಮೆ ಎರಡೂ ಜಾಗದಲ್ಲಿವೆ. ಎರಡು ಸ್ಟ್ರೈಕ್ ಆಗುವ ಮೊದಲೇ ನೆಲಕ್ಕೆ ಬೀಳುವ ಸ್ಲೈಡರ್‌ಗೆ ಬೀಸುವವನು ಚೆಂಡನ್ನು ನೋಡುವ ಮೊದಲೇ ತೀರ್ಮಾನಿಸಿಬಿಟ್ಟಿದ್ದಾನೆ. ನಾನು ಆತಂಕಪಡುವುದು ಅಂಥವನನ್ನು ಕಂಡಾಗ.

ಇನ್ನು ಅಭ್ಯಾಸದ ಸಮಯವನ್ನು ಟಿವಿಯಲ್ಲಿ ತೋರಿಸಿದರೆ, ಅವನು ಹೊಡೆತಗಳನ್ನು ಎತ್ತ ಕಳುಹಿಸುತ್ತಿದ್ದಾನೆಂದು ಗಮನಿಸಿ. ಲಯ ಹುಡುಕುತ್ತಿರುವ ಜಾಣ ಆಟಗಾರ ದೂರದ ಹೋಮ್ ರನ್‌ಗಳನ್ನು ಬಿಟ್ಟು, ಚೆಂಡು ಪ್ಲೇಟಿನ ಮೇಲೆ ಪೂರ್ತಿ ಬರುವವರೆಗೆ ಕಾದು, ಎದುರು ಬದಿಯ ಮೈದಾನಕ್ಕೆ ತಗ್ಗಾಗಿ ನೇರ ಹೊಡೆತಗಳನ್ನು ಹೊಡೆಯುತ್ತಿರುತ್ತಾನೆ. ಎಡಗೈಯವನಾದರೆ ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್ ಶಾರ್ಟ್‌ಸ್ಟಾಪ್‌ನ ತಲೆಯ ಮೇಲೆ ಹಾದುಹೋಗುವ ಹೊಡೆತ. ಪಂದ್ಯದಲ್ಲಿ ಅಂಥದ್ದು ಒಂದೆರಡು ಬಂದವೆಂದರೆ, ಅವು ಕ್ಯಾಚ್ ಆಗಿದ್ದರೂ ಸರಿ, ಮುಂದಿನ ವಾರ ಅವನ ಪಂದ್ಯಕ್ಕೆ ತಪ್ಪದೆ ಎದ್ದು ಕೂಡಿರಿ.